ಒಂದೇ ಪ್ರಶ್ನೆಪತ್ರಿಕೆ

ಒಂಬತ್ತನೆಯ ತರಗತಿಯಲ್ಲಿ ಎಲ್ಲರಿಗಿಂತ ಚೆಂದದ ಅಕ್ಷರ ಆ ಹುಡುಗಿಯದು. ಹಲಗೆಯ ಮೇಲೆ ನಾನು ಬರೆದದ್ದನ್ನು ಅವಳು ಇಳಿಸಿಕೊಂಡ ಪುಟ ಅಚ್ಚು ಹಾಕಿದ ಹಾಗಿರುತ್ತಿತ್ತು. ಒತ್ತಕ್ಷರ ಕೂಡ ಸಾಲು ಬಿಟ್ಟು ಜಾರುತ್ತಿರಲಿಲ್ಲ. ಅಂಕೋಲೆಯ ಕಡಲ ಬದಿಯ ಆ ಪ್ರೌಢಶಾಲೆಗೆ ಕನ್ನಡ ಕಲಿಸಲು ನಾನು ಹೊಸದಾಗಿ ಬಂದ ವರ್ಷ ಅದು. ಕಾರವಾರದ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂದು ಸಂಜೆ ಮರಳುತ್ತಿದ್ದೆ. ಜೂನ್ ತಿಂಗಳಿಡೀ ಅವಳ ನೋಟುಪಟ್ಟಿಯನ್ನು ಎತ್ತಿ ಹಿಡಿದು, ಬರೆದರೆ ಹೀಗೆ ಬರೆಯಬೇಕು ಎಂದು ಉಳಿದ ಮಕ್ಕಳಿಗೆ ತೋರಿಸುತ್ತಿದ್ದೆ.

ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗ ಅವಳದು ಕೈಗೆ ಬಂತು. ಪ್ರಶ್ನೆಯ ಸಂಖ್ಯೆ ಹಾಕಿ, ಉತ್ತರ ಇರಬೇಕಾದ ಜಾಗದಲ್ಲಿ ಪ್ರಶ್ನೆಯನ್ನೇ ಮತ್ತೆ ಬರೆದಿದ್ದಳು. ಕೊನೆಯವರೆಗೂ ಹಾಗೆಯೇ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಮರುದಿನ ಊಟದ ಬಿಡುವಿನಲ್ಲಿ ಕರೆದು, ಪುಸ್ತಕ ಕೊಟ್ಟು, ಹಿಂದಿನ ದಿನ ಮಾಡಿದ ಪಾಠದಿಂದ ಒಂದು ಪ್ಯಾರಾ ಓದಲು ಹೇಳಿದೆ. ಒಂದು ತಪ್ಪಿಲ್ಲದೆ ಹೇಳಿದಳು. ನನಗೆ ಸಮಾಧಾನವಾಗುವಷ್ಟರಲ್ಲಿ ಅವಳ ಬೆರಳು ಕಂಡಿತು. ಬಾಯಿ ಒಂದು ಸಾಲಿನಲ್ಲಿದ್ದರೆ ಬೆರಳು ಇನ್ನೆಲ್ಲೋ ಇತ್ತು. ನಾನು ತರಗತಿಯಲ್ಲಿ ಓದಿದ್ದನ್ನು ಅವಳು ಕಿವಿಯಲ್ಲಿ ಹಿಡಿದಿಟ್ಟುಕೊಂಡಿದ್ದಳು, ನಾನು ಉಸಿರು ತೆಗೆದುಕೊಂಡ ಜಾಗದಲ್ಲಿ ತಾನೂ ಉಸಿರು ತೆಗೆದುಕೊಂಡಿದ್ದಳು. ಇನ್ನೂ ಮಾಡದ ಪಾಠವೊಂದನ್ನು ತೆರೆದು ಕೊಟ್ಟೆ. ಸುಮ್ಮನೆ ನಿಂತಳು.

ಅವಳ ಮನೆಮಾತು ಕೊಂಕಣಿ, ನನ್ನದೂ ಅದೇ. ಕೊಂಕಣಿಯಲ್ಲಿ ಕೇಳಿದಾಗ ಮೊದಲು ಅತ್ತಳು, ಆಮೇಲೆ ಹೇಳಿದಳು. ಅಕ್ಷರ ಕಾಣುತ್ತದಂತೆ. ರಂಗೋಲಿ ನೋಡಿ ರಂಗೋಲಿ ಎಳೆದ ಹಾಗೆ ನೋಡಿ ಬರೆಯಲು ಬರುತ್ತದಂತೆ. ಅದು ಏನು ಹೇಳುತ್ತದೆ ಎಂಬುದು ಮಾತ್ರ ಯಾವತ್ತೂ ತಿಳಿದಿಲ್ಲವಂತೆ. ಎಂಟು ತರಗತಿ ದಾಟಿ ಬಂದ ಮಗು. ಕೆಳಗಿನ ತರಗತಿಗಳಲ್ಲಿ ಯಾರನ್ನೂ ಫೇಲು ಮಾಡುವುದಿಲ್ಲ. ಪಟ್ಟಿ ಚೊಕ್ಕವಾಗಿದೆ, ಹುಡುಗಿ ಗಲಾಟೆ ಮಾಡುವುದಿಲ್ಲ. ಅವಳನ್ನು ನಿಲ್ಲಿಸಿ ನೋಡಬೇಕೆಂದು ಯಾರಿಗಾದರೂ ಯಾಕೆ ಅನಿಸಬೇಕು?

ಅವಳ ಮನೆ ಗಂಗಾವಳಿ ಸಮುದ್ರ ಸೇರುವ ಕಡೆ, ಮಂಜಗುಣಿಯಲ್ಲಿ. ತಂದೆ ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಮೀನಿನ ಟ್ರಾಲರಿನಲ್ಲಿ ದುಡಿಯುತ್ತಿದ್ದ. ಬಂದರಿಗೆ ಬೋಟು ಬಂದಾಗ ಮನೆಗೆ ಬಂದು ಮತ್ತೆ ಹೋಗುತ್ತಿದ್ದ. ತಾಯಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಅಕ್ಕ ಒಬ್ಬಳಿದ್ದಳು.

ಇಂಥ ಮಕ್ಕಳಿಗೆ ಹತ್ತನೆಯ ಪರೀಕ್ಷೆಯಲ್ಲಿ ಕೆಲವು ರಿಯಾಯಿತಿ ಉಂಟೆಂದು ನನಗೆ ಗೊತ್ತಿತ್ತು. ಪ್ರಶ್ನೆಯನ್ನು ಓದಿ ಹೇಳಲು, ಇವರು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡುತ್ತಾರೆ. ಸಮಯವನ್ನೂ ಹೆಚ್ಚಿಗೆ ಕೊಡುತ್ತಾರೆ. ವೈದ್ಯರ ಸರ್ಟಿಫಿಕೇಟ್ ಇರಬೇಕು, ಅಷ್ಟೆ. ಶಿಕ್ಷಕರ ಕೊಠಡಿಯಲ್ಲಿ ಈ ಮಾತು ತೆಗೆದಾಗ ಅದನ್ನು ನೇರವಾಗಿ ಬೇಡವೆಂದವರು ಗಣಿತದ ಮಾಸ್ತರು.

ಅವರ ಬಗ್ಗೆ ಹೇಳಬೇಕು. ಅಂಕೋಲೆಯ ಒಳಭಾಗದ ಒಂದು ಒಕ್ಕಲು ಮನೆಯವರು. ತಾಯಿ ಬೇರೆಯವರ ಗದ್ದೆಯಲ್ಲಿ ನಾಟಿಗೆ ಹೋಗುತ್ತಿದ್ದರು. ಆ ಮನೆಯಲ್ಲಿ ಹತ್ತನೆಯದನ್ನು ಮುಗಿಸಿದ ಮೊದಲಿಗರು ಇವರೇ. ಮಕ್ಕಳಿಗೆ ಹೊಡೆದವರಲ್ಲ, ಬೈದವರೂ ಅಲ್ಲ. ಆದರೆ ಅರ್ಧ ಅಂಕವನ್ನೂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಶಾಲೆ ಬಿಟ್ಟ ಮೇಲೂ ಉಳಿದು, ತಿಳಿಯದವರಿಗೆ ಮತ್ತೆ ಹೇಳಿಕೊಡುತ್ತಿದ್ದರು.

"ಮೇಡಂ, ನಾ ಸಣ್ಣಕ್ಕಿರೂವಾಗ ನಮ್ಮ ಕೇರಿ ಮಕ್ಕಳಿಗೆ ಎಷ್ಟು ಕಲಿಸಿದ್ರೆ ಸಾಕು ಅಂತ ನಮ್ಮ ಮಾಸ್ತರು ಮೊದಲೇ ಠರಾಯಿಸಿಬಿಟ್ಟಿದ್ರು," ಎಂದರು. "ಸಹಿ ಮಾಡಲಿಕ್ಕೆ ಬಂದ್ರೆ ಸಾಕು, ಲೆಕ್ಕ ಇವರಿಗೆಂತಕ್ಕೆ ಅಂತ. ಕೆಟ್ಟ ಮನಸ್ಸಿಂದ ಅಲ್ಲ, ಪಾಪ ಅಂತ ಹೇಳಿಯೇ. ನನ್ನ ಪಾರು ಮಾಡಿದ್ದು ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ. ನಾ ಯಾರ ಮಗ ಅಂತ ಅದಕ್ಕೆ ಗೊತ್ತಿರ್ಲಿಲ್ಲ. ಇವತ್ತು ಒಬ್ಬರಿಗೆ ಪಾಪ ಅಂದ್ರೆ, ನಾಳೆ ಇಡೀ ಕೇರಿಗೇ ಪಾಪ ಅಂತಾರೆ."

ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಾಗ ನನಗೆ ಇದಕ್ಕೆ ಉತ್ತರ ಹೊಳೆಯಿತು. ಅವರನ್ನು ಗುರುತಿಸದೆ ಇದ್ದದ್ದರಿಂದ ಆ ಪತ್ರಿಕೆ ಅವರನ್ನು ಎತ್ತಿತು. ಇವಳನ್ನೂ ಅದು ಗುರುತಿಸುವುದಿಲ್ಲ, ಅದರಿಂದಲೇ ಇವಳು ಮುಳುಗುತ್ತಾಳೆ. ಮರುದಿನ ಅವರಿಗೆ ಇದನ್ನು ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ. ಆಮೇಲೆ ಬಹಳ ದಿನ ನಮ್ಮಿಬ್ಬರ ನಡುವೆ ಈ ಮಾತು ಚಹದ ಹೊತ್ತಿಗೆ ಒಮ್ಮೆ ಏಳುವುದು, ಗಂಟೆ ಬಾರಿಸಿದಾಗ ಅರ್ಧಕ್ಕೆ ನಿಲ್ಲುವುದು.

ಹೆಡ್‌ಮಾಸ್ತರರ ಚಿಂತೆ ಬೇರೆ. ಮೇಲಿನವರು ಸಭೆ ಕರೆದಾಗಲೆಲ್ಲ ಒಂದೊಂದು ಶಾಲೆಯನ್ನೂ ಎಬ್ಬಿಸಿ ನಿಲ್ಲಿಸಿ ಫಲಿತಾಂಶ ಕೇಳುತ್ತಿದ್ದರು. ಹಿಂದಿನ ವರ್ಷ ತಲೆ ತಗ್ಗಿಸಿ ನಿಂತದ್ದನ್ನು ಅವರು ಮರೆತಿರಲಿಲ್ಲ. ಆ ಹುಡುಗಿಯ ಹೆಸರನ್ನು ತೆಗೆಸಿ, ಹೊರಗಿನಿಂದ ಪರೀಕ್ಷೆ ಕಟ್ಟಿಸಿದರೆ ನಮ್ಮ ಲೆಕ್ಕಕ್ಕೆ ಬರುವುದಿಲ್ಲವಲ್ಲ ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಣಿತದ ಮಾಸ್ತರು, ನಮ್ಮ ಬೆಂಚಿನ ಮೇಲೆ ಕೂತ ಹುಡುಗಿ ನಮ್ಮ ಶಾಲೆಯಿಂದಲೇ ಬರೆಯುತ್ತಾಳೆ ಎಂದು ತಣ್ಣಗೆ ಹೇಳಿ ಎದ್ದುಹೋದರು. ಆ ಮಾತು ಅಲ್ಲಿಗೇ ಮುಗಿಯಿತು.

ತಾಯಿಯನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಒಂದು ಶನಿವಾರ ಮಧ್ಯಾಹ್ನ ಮನೆಗೆ ಹೋದೆ. ಮೀನಿನ ಬುಟ್ಟಿ ತೊಳೆದು ಕವುಚಿ ಹಾಕುತ್ತಿದ್ದಳು. ನಾನು ಕೊಂಕಣಿಯಲ್ಲಿ ಮಾತಾಡಿದರೂ ಅವಳು ಕನ್ನಡದಲ್ಲೇ ಉತ್ತರಿಸುತ್ತಿದ್ದಳು. ಶಾಲೆಯ ಅಕ್ಕೋರ ಹತ್ತಿರ ಮನೆಮಾತು ಆಡುವುದು ಅವಳಿಗೆ ಮರ್ಯಾದೆಯಾಗಿ ಕಂಡಿರಲಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ಅವಳು ಕೇಳಿದ್ದು ಒಂದೇ.

"ಆ ಸರ್ಟಿಫಿಕೇಟಲ್ಲಿ ಎಂತ ಅಂತ ಬರೀತ್ರು?"

ಓದುವುದು ಕಷ್ಟ ಎಂದು ಬರೆಯುತ್ತಾರೆ ಎಂದೆ.

"ಬುದ್ಧಿ ಇಲ್ಲ ಅಂತ ಬರೂದಿಲ್ವಾ?"

ಇಲ್ಲ, ಹಾಗೆ ಬರುವುದಿಲ್ಲ ಎಂದೆ. ನನಗೆ ತಿಳಿದ ಮಟ್ಟಿಗೆ ಅದು ನಿಜವಾಗಿತ್ತು.

"ಅದಕ್ಕೆ ಬುದ್ಧಿ ಅದೆ ಅಕ್ಕೋರೆ. ಮನೆಲಿ ಯಾವುದು ಎಲ್ಲಿಟ್ಟದ್ದು ಅಂತ ನಂಗೆ ನೆನಪಿಲ್ದಿದ್ರೂ ಅದಕ್ಕೆ ನೆನಪದೆ. ದೊಡ್ಡದಕ್ಕೆ ಈಗ ಸಂಬಂಧ ಬರ್ತಾ ಅದೆ. ಇಂಥಾ ಕಾಗದ ಮನೆಲಿ ಅದೆ ಅಂತ ಹೊರಗೆ ಹೋದ್ರೆ ಅದಕ್ಕೂ ಬರೂದಿಲ್ಲ, ಇದಕ್ಕೂ ಬರೂದಿಲ್ಲ."

ನಾನು ಒತ್ತಾಯ ಮಾಡಲಿಲ್ಲ. ಚಹ ಕುಡಿದು ಬಂದೆ. ಒಂಬತ್ತನೆಯ ತರಗತಿ ಹಾಗೆಯೇ ಕಳೆಯಿತು. ಹುಡುಗಿ ತರಗತಿಯಲ್ಲಿ ಬಾಯಿಯಿಂದ ಎಲ್ಲವನ್ನೂ ಹೇಳುತ್ತಿದ್ದಳು, ಕಾಗದದ ಮೇಲೆ ಪ್ರಶ್ನೆಗಳನ್ನು ಚೆಂದವಾಗಿ ನಕಲು ಮಾಡುತ್ತಿದ್ದಳು. ಒಂಬತ್ತನೆಯದರಲ್ಲೂ ಯಾರನ್ನೂ ತಡೆಯುವ ಪದ್ಧತಿ ಇರಲಿಲ್ಲ, ಹತ್ತನೆಯದಕ್ಕೆ ದಾಟಿದಳು. ಬೇಸಿಗೆಯಲ್ಲಿ ಅಕ್ಕನ ಸಂಬಂಧ ಕೂಡಿಬಂತು. ಆಮೇಲೆ, ಶಾಲೆ ಮತ್ತೆ ಶುರುವಾದ ಮೇಲೆ ಒಂದು ದಿನ ತಾಯಿ ತಾನಾಗಿಯೇ ಗೇಟಿನ ಹತ್ತಿರ ಬಂದು ನಿಂತಿದ್ದಳು. ಮಳೆಗಾಲಕ್ಕೆ ಬೋಟುಗಳು ನಿಂತಿದ್ದವು, ಪೇಟೆಯಲ್ಲಿ ಮೀನು ಕಡಿಮೆ, ಅವಳಿಗೆ ಬಿಡುವಿತ್ತು. ಗಂಡನೂ ಅಕ್ಕೋರು ಹೇಳಿದ ಹಾಗೆ ಮಾಡು ಎಂದನಂತೆ.

ಕಾರವಾರದಲ್ಲಿ ವಿಚಾರಿಸಿದಾಗ ಸರ್ಟಿಫಿಕೇಟಿಗೆ ಬೇಕಾದ ಪರೀಕ್ಷೆ ಇಲ್ಲಿ ಆಗುವುದಿಲ್ಲ, ಹುಬ್ಬಳ್ಳಿಗೆ ಹೋಗಿ ಎಂದರು. ನಾನು ರಜೆ ಹಾಕಿದೆ. ತಾಯಿ, ಮಗಳು, ನಾನು ಅಂಕೋಲೆಯಲ್ಲಿ ಬೆಳಗಿನ ಬಸ್ಸು ಹತ್ತಿದೆವು. ಯಲ್ಲಾಪುರದ ದಾರಿ. ಸುಂಕಸಾಳ ತಲುಪುವಾಗ ಮಳೆ ಜೋರಾಗಿತ್ತು, ಮುಂದೆ ಎಲ್ಲೋ ಮರ ಬಿದ್ದು ಲಾರಿಗಳು ಸಾಲಾಗಿ ನಿಂತಿದ್ದವು. ಬಸ್ಸಿನವರೆಲ್ಲ ಇಳಿದು ರಸ್ತೆ ಬದಿಯ ಚಹದಂಗಡಿಗೆ ನುಗ್ಗಿದರು.

ಆ ಅಂಗಡಿಯಲ್ಲಿ ಕುಳಿತ ಹೊತ್ತು ನನಗೆ ಈಗಲೂ ಇಷ್ಟ. ಹುಡುಗಿ ಅಂಕೋಲೆ, ಕಾರವಾರ ಬಿಟ್ಟು ಬೇರೆ ಊರು ನೋಡಿದವಳಲ್ಲ. ಅಂಗಡಿಯವಳ ಸಣ್ಣ ಮಗು ಮಡಿಕೆ ಹಾಕಿದ ಗೋಣಿಯ ಮೇಲೆ ಅಳುತ್ತ ಕೂತಿತ್ತು. ಇವಳು ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನು ತರಗತಿಯಲ್ಲಿ ಹೇಳಿದ್ದ ಒಂದು ಕತೆಯನ್ನು ಹೇಳತೊಡಗಿದಳು. ನನ್ನ ಕತೆಯಲ್ಲಿ ಇಲ್ಲದ ಒಂದು ಮುದುಕಿಯನ್ನು ತಂದು ಸೇರಿಸಿದಳು, ಆ ಮುದುಕಿಗೆ ಬೇರೆಯೇ ದನಿ ಕೊಟ್ಟಳು. ಅಳುತ್ತಿದ್ದ ಮಗು ಬಾಯಿ ತೆರೆದು ಕೇಳುತ್ತಿತ್ತು. ಚಹ ಕುಡಿಯುತ್ತಿದ್ದ ಇಬ್ಬರು ಲಾರಿಯವರೂ ತಿರುಗಿ ಕೇಳುತ್ತಿದ್ದರು.

ತಾಯಿ ನನ್ನ ಪಕ್ಕ ಕೂತು, ಮೊದಲ ಸಲ ಕೊಂಕಣಿಯಲ್ಲಿ, ತನ್ನ ಶಾಲೆಯ ವಿಷಯ ಹೇಳಿದಳು. ನಾಲ್ಕನೆಯದಕ್ಕೆ ಬಿಟ್ಟವಳು. ಕನ್ನಡ ಬಾರದೆ ಕೊಂಕಣಿಯಲ್ಲಿ ನೀರು ಕೇಳಿದ್ದಕ್ಕೆ ಮಾಸ್ತರು ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ. ಮರುದಿನದಿಂದ ಹೋಗಲಿಲ್ಲ, ಮನೆಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. ಈ ಮಗಳನ್ನು ಮಾತ್ರ ಹತ್ತನೆಯವರೆಗೆ ಓದಿಸಬೇಕೆಂದು ಇತ್ತು ಎಂದಳು.

ಮಧ್ಯಾಹ್ನ ದಾಟಿದ ಮೇಲೆ ಹುಬ್ಬಳ್ಳಿ ಸೇರಿದೆವು. ಆಸ್ಪತ್ರೆಯ ಉದ್ದದ ಓಣಿಯಂಥ ಕೋಣೆಯಲ್ಲಿ ಬೆಂಚುಗಳ ಮೇಲೆ ತಾಯಂದಿರು, ಮಕ್ಕಳು. ಪರೀಕ್ಷೆ ಮಾಡುವಾಕೆ ಚಿಕ್ಕ ವಯಸ್ಸಿನವಳು, ಒಳ್ಳೆಯವಳು, ಆದರೆ ಬೆಳಿಗ್ಗೆಯಿಂದ ಕೂತು ಬಳಲಿದ್ದಳು. ಹುಡುಗಿಯನ್ನು ಒಬ್ಬಳನ್ನೇ ಒಳಗೆ ಕರೆದಳು. ಬಾಗಿಲು ಅರ್ಧ ತೆರೆದಿತ್ತು, ಮಾತು ಕೇಳುತ್ತಿತ್ತು. ಚಿತ್ರ ತೋರಿಸಿ ಇದರಾಗ ಏನು ಇಲ್ಲ ಹೇಳು ಎಂದು ಕೇಳುತ್ತಿದ್ದಳು. ಎತ್ತಿನ ಚಕ್ಕಡಿಯ ಚಿತ್ರವಂತೆ. ನಮ್ಮ ಹುಡುಗಿ ಚಕ್ಕಡಿಯನ್ನು ಯಾವತ್ತೂ ನೋಡಿರಲಿಲ್ಲ, ಅದರಲ್ಲಿ ಏನಿರಬೇಕು ಎಂದು ತಿಳಿಯದೆ ಏನಿಲ್ಲ ಎಂದು ಹೇಗೆ ಹೇಳುತ್ತಾಳೆ? ಶಬ್ದಗಳ ಅರ್ಥ ಕೇಳಿದಾಗ ಅವು ಆ ಕಡೆಯ ಶಬ್ದಗಳು. ಗೊತ್ತಿಲ್ಲ, ಗೊತ್ತಿಲ್ಲ ಎಂಬ ಅವಳ ದನಿ ಸಣ್ಣದಾಗುತ್ತ ಬಂತು. ಆಮೇಲೆ ಅದೂ ಕೇಳಲಿಲ್ಲ.

ನಾನು ಎದ್ದು ಬಾಗಿಲ ಹತ್ತಿರ ಹೋಗಿ, ಅವಳ ಮನೆಮಾತು ಕೊಂಕಣಿ, ನಾನು ಅದರಲ್ಲಿ ಕೇಳಲೇ ಎಂದೆ.

"ಹಂಗ ಬರೂದಿಲ್ರೀ ಮೇಡಂ," ಎಂದಳು ಆಕೆ, ಬೇಸರದಿಂದಲೇ. "ಎಲ್ಲಾರಿಗೂ ಒಂದ ಮಾತಿನ್ಯಾಗ ಕೇಳಬೇಕು. ಒಬ್ಬರಿಗೆ ಬದಲಿ ಮಾಡಿದ್ರ ಈ ಟೆಸ್ಟ್‌ಗೆ ಅರ್ಥನ ಇರೂದಿಲ್ಲ."

ನಾನು ಬೆಂಚಿಗೆ ಮರಳಿದೆ. ಒಂದು ಮಗುವಿನ ಕಷ್ಟ ಬೇರೆಯವರ ಹಾಗಲ್ಲ ಎಂದು ತೋರಿಸಲು ನಾವು ಅಷ್ಟು ದೂರ ಬಂದಿದ್ದೆವು. ಅದನ್ನು ಅಳೆಯುವ ಕೋಲು ಕೂಡ ಎಲ್ಲರಿಗೂ ಒಂದೇ ಆಗಿತ್ತು. ಆಕೆಯದು ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ.

ಕಾಗದ ಸಿಗಲು ಕೌಂಟರಿನ ಮುಂದೆ ಕಾಯಬೇಕಾಯಿತು. ಕಿಟಕಿಯೊಳಗೆ ಕೂತ ಗುಮಾಸ್ತ ಒಂದೊಂದೇ ಕಾಗದ ಎತ್ತಿ ಕೂಗುತ್ತಿದ್ದ. ನಮ್ಮ ಸರದಿ ಬಂದಾಗ, "ಈ ಬುದ್ಧಿಮಾಂದ್ಯ ಯಾರದು? ಇಲ್ಲಿ ಸಹಿ ಮಾಡ್ರಿ," ಎಂದ. ಅವನು ಯಾರನ್ನೂ ನೋಡಿ ಹೇಳಿದ್ದಲ್ಲ, ಕಾಗದದಲ್ಲಿದ್ದ ಶಬ್ದವನ್ನು ಓದಿದ್ದು. ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಆ ಶಬ್ದ ಅವಳಿಗೆ ತಿಳಿಯಲಿಲ್ಲವೇನೋ ಎಂದು ಒಂದು ಕ್ಷಣ ಆಸೆಪಟ್ಟೆ. ತಾಯಿಯ ಮುಖ ನೋಡಿದ ಮೇಲೆ ಅವಳಿಗೆ ತಿಳಿಯಿತು.

ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ತಾಯಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ಒಳಗೆ ಇಟ್ಟುಕೊಂಡಳು. "ಇದು ಶಾಲೆಗೆ ಕೊಡೂದು ಬೇಡ," ಎಂದಳು. ಅಷ್ಟೇ. ನನ್ನನ್ನು ಒಂದು ಮಾತು ಅನ್ನಲಿಲ್ಲ.

ಮತ್ತೊಮ್ಮೆ ಪರೀಕ್ಷೆ ಮಾಡಿಸಲು ದಾರಿ ಹುಡುಕಿದೆ. ಗಡಿ ದಾಟಿದರೆ ಗೋವಾ, ಅಲ್ಲಿ ಕೊಂಕಣಿಯಲ್ಲೇ ಕೇಳುವವರು ಸಿಗಬಹುದಿತ್ತು. ಬೇರೆ ರಾಜ್ಯದ ಕಾಗದ ಇಲ್ಲಿ ನಡೆಯುವುದಿಲ್ಲ ಎಂದು ವಿಚಾರಿಸಿದ ಕಡೆಯಲ್ಲೆಲ್ಲ ಹೇಳಿದರು. ಮಂಗಳೂರಿಗೆ ಹೋಗೋಣವೇ ಎಂದು ತಾಯಿಯನ್ನು ಕೇಳಿದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

ಗಣಿತದ ಮಾಸ್ತರಿಗೆ ನಡೆದದ್ದೆಲ್ಲ ಹೇಳಿದೆ. ನಾ ಹೇಳಿರ್ಲಿಲ್ವಾ ಎಂದು ಅವರು ಹೇಳಬಹುದಿತ್ತು. ಅದರ ಬದಲು ಅವತ್ತು ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡು, ಹಲಗೆಯ ಮೇಲೆ ಬರೆಯದೆ, ಪುಸ್ತಕ ಕೊಡದೆ, ಲೆಕ್ಕಗಳನ್ನು ಬಾಯಲ್ಲಿ ಹೇಳುತ್ತ ಹೋದರು. ನಾನು ಬಸ್ಸಿಗೆ ಹೊರಟು ಜಗಲಿಯ ಮೇಲೆ ಬಂದಾಗ ಅವರು ಹೊರಗೆ ಬಂದರು.

"ಕೇಳಿದ್ರೆ ಮಾಡ್ತಾಳೆ ಮೇಡಂ. ಓದ್ಬೇಕು ಅಂದ್ರೆ ಇಲ್ಲ," ಎಂದರು. ಹುಡುಗಿ ಕೂತ ಕಡೆ ತಿರುಗಿ ನೋಡಿ, "ಒಂದು ವರ್ಷದಿಂದ ನನ್ನ ಮುಂದೆ ಕೂತದೆ ಆ ಹುಡ್ಗಿ," ಎಂದು ಮತ್ತೆ ಒಳಗೆ ಹೋದರು.

ಮುಂದಿನ ವಾರ ಅವರೇ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ, ಸರ್ಟಿಫಿಕೇಟ್ ಇಲ್ಲದೆ ಪ್ರಶ್ನೆ ಓದಿ ಹೇಳಲು ಯಾರನ್ನಾದರೂ ಕೊಡಬಹುದೇ ಎಂದು ಕೇಳಿ ಬಂದರು. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ, ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ ಕಳಿಸಿದರಂತೆ. ಇದನ್ನು ನನಗೆ ಹೇಳುವಾಗ ಅವರು ನಗಲಿಲ್ಲ, ನಾನೂ ನಗಲಿಲ್ಲ.

ಆಮೇಲೆ ನಾವಿಬ್ಬರೂ ಸೇರಿ ಅವಳಿಗೆ ಓದಲು ಕಲಿಸತೊಡಗಿದೆವು. ಹತ್ತನೆಯ ತರಗತಿಯ ಹುಡುಗಿಗೆ ಅ, ಆ ಇಂದ. ಅವಳೇ ಒಂದು ತಟ್ಟೆಯಲ್ಲಿ ಕಡಲ ದಂಡೆಯ ಹೊಯ್ಗೆ, ಅಂದರೆ ಮರಳು, ತಂದಳು. ಅದರಲ್ಲಿ ಬೆರಳಿನಿಂದ ಬರೆಯುತ್ತ, ಬರೆದ ಅಕ್ಷರದ ಸದ್ದನ್ನು ಬಾಯಲ್ಲಿ ಹೇಳುತ್ತ, ಕೊಂಕಣಿಯ ಶಬ್ದಗಳಿಂದ ಶುರುಮಾಡಿದೆವು. ಗೆಳತಿಯರು ನೋಡಬಾರದೆಂದು ಹಿಂದಿನ ಕೋಣೆಯಲ್ಲಿ ಬಾಗಿಲು ಓರೆ ಮಾಡಿಕೊಂಡು ಕೂರುತ್ತಿದ್ದಳು. ದಸರಾ ರಜೆ ಕಳೆದು ಬಂದ ಮೇಲೆ ಒಂದು ದಿನ ‘ದೋಣಿ’ ಎಂಬ ಶಬ್ದವನ್ನು ನೋಡಿ, ಯಾರೂ ಹೇಳದೆ, ಓದಿದಳು. ಓದಿ ನನ್ನನ್ನು ನೋಡಿದಳು. ಆಮೇಲೆ ‘ಬಲೆ’ ಓದಿದಳು. ಚಳಿಗಾಲದ ಹೊತ್ತಿಗೆ ಸಣ್ಣ ಸಣ್ಣ ಶಬ್ದಗಳು ಬರುತ್ತಿದ್ದವು. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದಳು, ಬೆವರುತ್ತಿದ್ದಳು. ಇನ್ನೊಂದು ವರ್ಷ ಸಿಕ್ಕಿದ್ದರೆ ಎಂದು ನಾನು, ಗಣಿತದ ಮಾಸ್ತರು ಮಾತಾಡಿಕೊಳ್ಳುತ್ತಿದ್ದೆವು. ಆ ಇನ್ನೊಂದು ವರ್ಷವನ್ನು ಕೊಡುವ ಅಧಿಕಾರ ಯಾರಿಗೂ ಇರಲಿಲ್ಲ.

ಜನವರಿಯಲ್ಲಿ ಹೆಡ್‌ಮಾಸ್ತರರು ನಮ್ಮನ್ನು ಕರೆದು ಕೂರಿಸಿದರು. ಪಾಸಾಗುವ ಅಂಚಿನಲ್ಲಿ ಇರುವ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜಿನ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಲು ಶಾಲೆ ಬಿಟ್ಟ ಮೇಲಿನ ಹೊತ್ತನ್ನೆಲ್ಲ ಕೊಡಬೇಕೆಂದರು. ಹಿಂದಿನ ಕೋಣೆಯ ವಿಷಯ ಅವರಿಗೆ ಗೊತ್ತಿತ್ತು.

"ದಡದ ಹತ್ರ ಇದ್ದವರನ್ನ ಮೊದ್ಲು ಎಳೀರಿ," ಎಂದರು. "ನಡುನೀರಲ್ಲಿ ಇದ್ದವರ ಹಿಂದೆ ಹೋದ್ರೆ ಇಬ್ಬರೂ ಸಿಗೂದಿಲ್ಲ. ನಂಗೆ ಮನಸ್ಸಿಲ್ಲ ಅಂತ ಅಲ್ಲ. ಸಭೆಲಿ ಎದ್ದು ನಿಲ್ಲೂದು ನಾನು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಂಚಿನಲ್ಲಿದ್ದ ಮಕ್ಕಳೂ ಮಕ್ಕಳೇ. ಅವರಲ್ಲಿ ಕೆಲವರು ಆ ವರ್ಷ ಪಾಸಾದದ್ದು ಆ ಸಂಜೆಗಳಿಂದಲೇ. ಹಿಂದಿನ ಕೋಣೆಯ ಪಾಠ ವಾರಕ್ಕೊಮ್ಮೆ ಆಯಿತು, ಆಮೇಲೆ ಅದೂ ನಿಂತಿತು. ಹೊಯ್ಗೆಯ ತಟ್ಟೆ ಕಪಾಟಿನ ಮೇಲೆ ಇತ್ತು, ಯಾರೋ ಗುಡಿಸುವಾಗ ಚೆಲ್ಲಿದರು.

ಪರೀಕ್ಷೆಯ ಕೇಂದ್ರ ಅಂಕೋಲೆಯಲ್ಲಿ. ಪ್ರತಿ ಕೋಣೆಯಲ್ಲೂ ಕ್ಯಾಮೆರಾ, ಅದನ್ನು ಇನ್ನೆಲ್ಲೋ ಕೂತವರು ನೋಡುತ್ತಿರುತ್ತಾರೆ. ಮೇಲ್ವಿಚಾರಕರು ಮಗುವಿನ ಹತ್ತಿರ ಬಗ್ಗಿದರೂ ಕೇಳುತ್ತಾರೆ ಎಂಬ ಹೆದರಿಕೆ. ನಮಗೆ ನಮ್ಮ ಮಕ್ಕಳ ಕೇಂದ್ರಕ್ಕೆ ಕೆಲಸ ಹಾಕುವುದಿಲ್ಲ. ಕನ್ನಡ ಪರೀಕ್ಷೆಯ ದಿನ ನಾನು ಬೇರೊಂದು ಶಾಲೆಯಲ್ಲಿ ಕೆಲಸ ಮುಗಿಸಿ ಆ ಗೇಟಿನ ಹತ್ತಿರ ಬರುವಷ್ಟರಲ್ಲಿ ಮಕ್ಕಳು ಹೊರಗೆ ಬಂದಾಗಿತ್ತು. ಎಲ್ಲರೂ ಪ್ರಶ್ನೆಪತ್ರಿಕೆ ಹಿಡಿದು ಉತ್ತರ ತಾಳೆ ನೋಡುತ್ತಿದ್ದರು. ಅವಳು ಗೋಡೆಯ ನೆರಳಿನಲ್ಲಿ ಒಬ್ಬಳೇ ನಿಂತಿದ್ದಳು. ನನ್ನನ್ನು ಕಂಡು ಹತ್ತಿರ ಬಂದಳು. ಅವಳ ಮುಖದಲ್ಲಿ ಅಳು ಇರಲಿಲ್ಲ, ಅದೇ ನನಗೆ ಆಶ್ಚರ್ಯವಾಯಿತು.

"ಮೊದ್ಲ ಪ್ರಶ್ನೆ ಓದಿದೆ ಅಕ್ಕೋರೆ," ಎಂದಳು. "ಯಾರೂ ಹೇಳ್ಕೊಡ್ಲಿಲ್ಲ. ನಾನೇ ಓದಿದೆ."

ಬರೆದೆಯಾ ಎಂದು ಕೇಳಿದೆ.

"ಓದಿ ಮುಗೀವಾಗ ಭಾಳ ಹೊತ್ತಾಗಿತ್ತು. ಉತ್ತರ ಗೊತ್ತಿತ್ತು, ಬರೀಲಿಕ್ಕೆ ಅಕ್ಷರ ಬರ್ಲಿಲ್ಲ. ಎರಡ್ನೇದು ಓದ್ತಾ ಇದ್ದೆ, ಅಷ್ಟೊತ್ತಿಗೆ ಪೇಪರ್ ತಗಂಡ್ರು."

ಆ ಪ್ರಶ್ನೆಯನ್ನು ಅವಳು ನನಗೆ ಹೇಳಿದಳು. ಒಂದು ಅಕ್ಷರ ತಪ್ಪಿರಲಿಲ್ಲ. ಅದಕ್ಕೆ ಉತ್ತರವನ್ನೂ ಹೇಳಿದಳು, ಅದೂ ಸರಿ ಇತ್ತು. ಕೇಂದ್ರದಿಂದ ಬಸ್‌ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದೆ. ದಾರಿಯಲ್ಲಿ ಅಂಗಡಿಗಳ ಬೋರ್ಡುಗಳನ್ನು ನಿಂತು ನಿಂತು ನೋಡುತ್ತ, ತುಟಿ ಅಲ್ಲಾಡಿಸುತ್ತ ಬಂದಳು. ಬಿಸಿಲು ಕಾಲು ಸುಡುತ್ತಿತ್ತು. ನಾನು ಅವಸರ ಮಾಡಲಿಲ್ಲ.

ಫಲಿತಾಂಶ ಬಂದಾಗ ಅವಳು ಯಾವ ವಿಷಯದಲ್ಲೂ ಪಾಸಾಗಿರಲಿಲ್ಲ. ಕನ್ನಡದಲ್ಲಿ ಬಂದ ಅಂಕವನ್ನು ಇಲ್ಲಿ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಅಕ್ಷರ ಕಲಿಯದ ಮಗುವಿಗೂ ಅಷ್ಟೇ ಬರುತ್ತಿತ್ತು. ಆ ಕೋಣೆಯಲ್ಲಿ ಒಂದು ವಾಕ್ಯವನ್ನು ಮೊದಲ ಸಲ ತಾನೇ ಓದಿ ಮುಗಿಸಿದವಳೊಬ್ಬಳು ಕೂತಿದ್ದಳು ಎಂದು ತಿಳಿಯಲು ಆ ಪತ್ರಿಕೆಯಲ್ಲಿ ಜಾಗವೇ ಇರಲಿಲ್ಲ. ಶಾಲೆಯ ಫಲಿತಾಂಶ ನಿರೀಕ್ಷಿಸಿದಷ್ಟು ಬರಲಿಲ್ಲ, ಹೆಡ್‌ಮಾಸ್ತರರು ಸಭೆಯಲ್ಲಿ ಮತ್ತೆ ಎದ್ದು ನಿಂತರು.

ಎರಡನೆಯ ಸಲದ ಪರೀಕ್ಷೆಗೆ ಅವಳನ್ನು ನಾನು ಒತ್ತಾಯ ಮಾಡಿ ಕೂರಿಸಿದೆ, ಅದೂ ಹಾಗೆಯೇ ಆಯಿತು. ಮೂರನೆಯದಕ್ಕೆ ಮನೆಯಿಂದ ಹೊರಟಳಂತೆ, ಕೇಂದ್ರದ ಒಳಗೆ ಬರಲಿಲ್ಲ. ಗೇಟಿನವರೆಗೆ ಬಂದು ತಿರುಗಿ ಹೋದದ್ದನ್ನು ನೋಡಿದ್ದೇವೆ ಎಂದು ಅವಳ ತರಗತಿಯವರು ಹೇಳಿದರು.

ಈಗ ಅವಳು ತಾಯಿಯ ಜೊತೆ ನಸುಕಿನಲ್ಲಿ ಟೆಂಪೋ ಹತ್ತಿ ಬೈತಖೋಲಕ್ಕೆ ಹೋಗುತ್ತಾಳೆ. ಅಲ್ಲಿ ಹರಾಜಿನಲ್ಲಿ ಮೀನು ಕೊಂಡು ತಂದು ಅಂಕೋಲೆಯಲ್ಲಿ ಮಾರುತ್ತಾರೆ. ಆ ಕೆಲಸದಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ತಾಯಿ ಅದರಿಂದಲೇ ಇಬ್ಬರು ಮಕ್ಕಳನ್ನು ಬೆಳೆಸಿದವಳು. ನನಗೆ ನೋವಾದದ್ದು ಬೇರೆ. ಕಳೆದ ವರ್ಷ ಪೇಟೆಯಲ್ಲಿ ತಾಯಿ ಒಬ್ಬಳೇ ಸಿಕ್ಕಿದ್ದಳು. ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತ, ಈಗ ನೇರವಾಗಿ ಕೊಂಕಣಿಯಲ್ಲೇ ಮಾತಾಡಿದಳು. ಹುಡುಗಿ ಮನೆಯಲ್ಲಿ ಏನಾದರೂ ಮರೆತರೆ, ಅನ್ನ ಸ್ವಲ್ಪ ಸೀದರೆ, ಚಿಲ್ಲರೆ ಕೊಡುವಾಗ ಎಡವಿದರೆ, ನನಗೆ ಬುದ್ಧಿ ಕಡಿಮೆ ಅಲ್ವಾ ಆಯಿ, ಕಾಗದದಲ್ಲೇ ಬರೆದಿದೆಯಲ್ಲ ಎನ್ನುತ್ತಾಳಂತೆ. ಸಿಟ್ಟಿನಿಂದಲ್ಲ. ಹೊರಗೆ ಮಳೆ ಬರುತ್ತಿದೆ ಎಂದು ಹೇಳಿದ ಹಾಗೆ ಹೇಳುತ್ತಾಳಂತೆ. ಮೊದಲೆಲ್ಲ ಕತೆ ಹೇಳುತ್ತಿದ್ದಳು, ಅಕ್ಕನ ಮಗು ಮನೆಗೆ ಬಂದರೂ ಈಗ ಹೇಳುವುದಿಲ್ಲ.

"ಶಾಲೆಗೆ ಕಳಿಸುವಾಗ ಅದಕ್ಕೆ ಓದಲು ಬರುತ್ತಿರಲಿಲ್ಲ, ಅಷ್ಟೇ ಇತ್ತು," ಎಂದಳು ತಾಯಿ. "ಉಳಿದದ್ದು ಆಮೇಲೆ ಸೇರಿದ್ದು."

ಕಾಗದವನ್ನು ಏನು ಮಾಡಿದೆ ಎಂದು ಕೇಳಿದೆ. ಒಲೆಗೆ ಹಾಕಿದ್ದೇನೆ ಎಂದಳು. ಅದು ಉರಿಯುವುದನ್ನು ಮಗಳೂ ನೋಡಿದ್ದಾಳಂತೆ.

ಭಾನುವಾರ ಕಾರವಾರದ ನನ್ನ ಮನೆಗೆ ಕಳಿಸು, ಓದುವುದನ್ನು ಮುಂದುವರಿಸೋಣ ಎಂದು ಹೇಳಿ ಬಂದೆ. ಕೆಲವು ಭಾನುವಾರ ಬಂದಳು. ಉದ್ದವಾಗಿದ್ದಳು, ಮಾತು ಕಡಿಮೆಯಾಗಿತ್ತು. ಹೇಳಿದ್ದನ್ನು ಮಾಡುತ್ತಿದ್ದಳು, ತಾನಾಗಿ ಏನೂ ಕೇಳುತ್ತಿರಲಿಲ್ಲ. ಒಂದು ಶಬ್ದಕ್ಕೆ ತಡವರಿಸಿದರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಒಂದು ದಿನ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, ಇನ್ನು ಬರುವುದಿಲ್ಲ ಎಂದಳು. ಯಾಕೆ ಎಂದೆ. ನನಗೆ ತೊಂದರೆ ಕೊಡಲು ಮನಸ್ಸಿಲ್ಲ, ತನ್ನಿಂದ ಆಗುವಷ್ಟೇ ಆಗುವುದು ಎಂದಳು. ಮೆಟ್ಟಿಲು ಇಳಿದು ಹೋದಳು.

ಗಣಿತದ ಮಾಸ್ತರು ಈಗ ಬೇರೆ ಶಾಲೆಯಲ್ಲಿದ್ದಾರೆ. ಮಾದರಿ ಪ್ರಶ್ನೆಪತ್ರಿಕೆ ತಯಾರಿಸುವ ಗುಂಪಿಗೆ ಅವರನ್ನು ಹಾಕಿದ್ದಾರೆ. ಹೋದ ಚಳಿಗಾಲದಲ್ಲಿ ಒಂದು ತರಬೇತಿಯಲ್ಲಿ ಸಿಕ್ಕಿದರು. ಎಲ್ಲರಿಗೂ ಒಂದೇ ಪತ್ರಿಕೆ ಇರಬೇಕು ಎಂದು ಈಗಲೂ ಅನ್ನುತ್ತೀರಾ ಎಂದು ಕೇಳಿದೆ. ಹೌದು, ಅದು ಹೋದರೆ ಮೊದಲು ಹೋಗುವವರು ತನ್ನ ಮನೆಯಂಥ ಮನೆಗಳ ಮಕ್ಕಳು ಎಂದರು. ಆಮೇಲೆ, ತಾನು ಬರೆಯುವ ಪ್ರಶ್ನೆಗಳ ವಾಕ್ಯವನ್ನು ಆದಷ್ಟು ಗಿಡ್ಡ ಮಾಡುತ್ತೇನೆ, ಒತ್ತಕ್ಷರದ ಶಬ್ದ ತಪ್ಪಿಸುತ್ತೇನೆ, ಅದಕ್ಕೂ ಪತ್ರಿಕೆ ಸಸಾರವಾಯಿತೆಂದು ಉಳಿದವರು ಆಕ್ಷೇಪ ಮಾಡುತ್ತಾರೆ ಎಂದರು. "ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗೂದಿಲ್ಲ ಮೇಡಂ."

ನಾನು ಅದೇ ಶಾಲೆಯಲ್ಲಿದ್ದೇನೆ. ಪ್ರತಿ ಜೂನ್‌ನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಜಗಲಿಗೆ ಕರೆದು, ಅವರು ಎಂದೂ ಕೇಳದ ನಾಲ್ಕು ಸಾಲು ಓದಿಸುತ್ತೇನೆ. ಒಬ್ಬರಾದರೂ ಸುಮ್ಮನೆ ನಿಲ್ಲುತ್ತಾರೆ. ತಾಯಂದಿರಿಗೆ ಈಗ ನಾನು ಮೊದಲೇ ಹೇಳುತ್ತೇನೆ, ಕಾಗದದಲ್ಲಿ ಯಾವ ಶಬ್ದ ಬರುತ್ತದೆಂದು ನನಗೆ ಗೊತ್ತಿಲ್ಲ ಎಂದು. ಕೇಳಿದವರಲ್ಲಿ ಹೆಚ್ಚಿನವರು ಬೇಡ ಎನ್ನುತ್ತಾರೆ. ಹೀಗೆ ಓದಿಸುವುದರಲ್ಲಿ ಪಾಠ ಹಿಂದೆ ಬೀಳುತ್ತದೆ. ಹೊಸದಾಗಿ ಬಂದ ಹೆಡ್‌ಮಾಸ್ತರರು ಮೊನ್ನೆ, ಉಳಿದ ಶಾಲೆಗಳಲ್ಲಿ ಎರಡನೆಯ ಪಾಠ ಮುಗಿದಿದೆ, ನಿಮ್ಮದು ಇನ್ನೂ ಯಾಕೆ ಶುರುವಾಗಿಲ್ಲ ಎಂದು ಕೇಳಿದರು. ನಾಳೆಯಿಂದ ಶುರುಮಾಡುತ್ತೇನೆ ಎಂದೆ. ಜಗಲಿಗೆ ಕರೆದು ಓದಿಸಬೇಕಾದ ಮಕ್ಕಳು ಇನ್ನೂ ಅರ್ಧದಷ್ಟು ಉಳಿದಿದ್ದರು.